ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು: ನನ್ನ ಅನುಭವ

ನಮ್ಮ ಆರೋಗ್ಯ ಉಪಕೇಂದ್ರ ಇರುವುದು ಮಳವಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ. ಊರಾಚೆಯ ಕಾಲೊನಿಯಲ್ಲಿ ಹೆಚ್ಚು ಕಡಿಮೆ 110 ಮನೆ. ಅರ್ಧಕ್ಕರ್ಧ ಮನೆಯ ಹೆಂಗಸರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಿಗ್ಗೆ ಏಳೂವರೆಗೆ ವ್ಯಾನು ಹತ್ತಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಉಳಿದವರಿಗೆ ಕಬ್ಬಿನ ಗದ್ದೆಯ ಕೂಲಿ. ಇವರ ತೂಕ, ಬಿಪಿ ಎರಡನ್ನೂ ಇಳಿಸುತ್ತೇನೆ ಅಂದಾಗ ನಮ್ಮ ಕಡೆಯವರೇ ನಂಬಲಿಲ್ಲ. "ಮಾತ್ರೆ ಕೊಟ್ಟು ಎಂಟ್ರಿ ಮಾಡಿ ಸಾಕು, ಊಟದ ವಿಷಯಕ್ಕೆ ಹೋಗ್ಬೇಡಿ" ಅಂದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ವ್ಯರ್ಥ. ಬಣ್ಣದ ಡಯಟ್ ಚಾರ್ಟ್ ಪ್ರಿಂಟ್ ಮಾಡಿಸಿದೆ, ಮೂರೂವರೆ ಸಾವಿರ ಹೋಯಿತು. ಫ್ಲೆಕ್ಸ್‌ಗೆ ಇನ್ನೊಂದು ಸಾವಿರದ ಇನ್ನೂರು. ಎಲ್ಲ ನನ್ನ ಸಂಬಳದ್ದೇ. ಚಾರ್ಟ್‌ನಲ್ಲಿ ಓಟ್ಸ್ ಇತ್ತು, ಸೇಬು ಇತ್ತು. ಒಂದು ಮನೆಯಲ್ಲಿ ಆ ಚಾರ್ಟನ್ನು ಅಕ್ಕಿ ಡಬ್ಬದ ಕೆಳಗೆ ಹಾಸಿದ್ದರು. ನೋಡಿ ಬೇಜಾರಾಯಿತು, ಆದರೆ ತಪ್ಪು ಅವರದ್ದಲ್ಲ. ರೇಷನ್ ಅಕ್ಕಿ, ರಾಗಿ, ಸೊಪ್ಪು, ಹುರುಳಿಕಾಳು ತಿನ್ನುವ ಮನೆಗೆ ನಾನು ಸೇಬು ಬರೆದುಕೊಟ್ಟಿದ್ದೆ.

ಬೆಳಿಗ್ಗೆ ಆರು ಗಂಟೆಯ ವಾಕಿಂಗ್ ಗುಂಪು ಹತ್ತು ದಿನವೂ ನಡೆಯಲಿಲ್ಲ. ಆ ಹೊತ್ತಿಗೆ ಅವರು ನೀರು ಹಿಡಿದು, ಮಕ್ಕಳ ಬುತ್ತಿ ಕಟ್ಟಿ, ವ್ಯಾನಿಗೆ ಓಡಬೇಕು. ಇನ್ನು ರಸ್ತೆಯಲ್ಲಿ ಸುಮ್ನೆ ನಡೆಯುವ ಹೆಂಗಸನ್ನು ಕಂಡರೆ "ಮನೇಲಿ ಕೆಲ್ಸ ಇಲ್ವಾ?" ಅಂತ ಕೇಳುವವರು ಇದ್ದೇ ಇರುತ್ತಾರೆ ಅಲ್ವಾ.

ಆಮೇಲೆ ಕಫ್‌ನ ಕಥೆ, ಅಂದರೆ ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯದು. ಇದನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಎರಡನೇ ವರ್ಷದ ಶುರುವಿನಲ್ಲಿ ಎರಡೇ ತಿಂಗಳಿಗೆ ಎಲ್ಲರ ಬಿಪಿ ಹತ್ತು ಪಾಯಿಂಟ್ ಇಳಿದಿತ್ತು. ಮೀಟಿಂಗ್‌ನಲ್ಲಿ ಹೇಳಿಯೂ ಬಿಟ್ಟೆ. ರಾತ್ರಿ ರಿಜಿಸ್ಟರ್ ನೋಡುತ್ತಾ ಕೂತಾಗ ಅನುಮಾನ ಬಂತು. ಮಧ್ಯದಲ್ಲಿ ನಾನು ದೊಡ್ಡ ಕಫ್ ತಂದಿದ್ದೆ. ಮುಂಚೆ ದಪ್ಪ ತೋಳಿಗೂ ಚಿಕ್ಕ ಕಫನ್ನೇ ಎಳೆದು ಸುತ್ತುತ್ತಿದ್ದೆ, ಅದು ಜಾಸ್ತಿ ತೋರಿಸುತ್ತಿತ್ತು. ಇಳಿದದ್ದು ಬಿಪಿ ಅಲ್ಲ, ನನ್ನ ತಪ್ಪು. ಎರಡು ತಿಂಗಳ ಲೆಕ್ಕಕ್ಕೆ ಅಡ್ಡಗೆರೆ ಎಳೆದು ಹೊಸದಾಗಿ ಶುರು ಮಾಡಿದೆ. ಮುಂದಿನ ಮೀಟಿಂಗ್‌ನಲ್ಲಿ ಎದ್ದು ನಿಂತು ಅದನ್ನೂ ಹೇಳಿದೆ. ದೊಡ್ಡ ಕಫ್‌ಗೆ ಕೊಟ್ಟದ್ದು ಸುಮಾರು 700 ರೂಪಾಯಿ. ಆ ವರ್ಷ ನಾನು ಖರ್ಚು ಮಾಡಿದ್ದರಲ್ಲಿ ತುಂಬಾ ಉಪಯೋಗಕ್ಕೆ ಬಂದ ದುಡ್ಡು ಅದೇ.

ಈಗ ಉಪ್ಪಿನ ವಿಷಯ. "ಉಪ್ಪು ಎಷ್ಟು ತಿಂತೀರಾ?" ಅಂತ ಕೇಳಿದರೆ ಎಲ್ಲರೂ "ಕಮ್ಮಿನೇ ಸಿಸ್ಟರ್" ಅನ್ನುತ್ತಾರೆ. ಹಾಗಾಗಿ ಕೇಳುವುದನ್ನೇ ಬಿಟ್ಟೆ. ಇಪ್ಪತ್ತೈದು ರೂಪಾಯಿಯ ಮಾರ್ಕರ್ ಪೆನ್ನು ತಂದು, ಮನೆಮನೆಗೂ ಹೋಗಿ, ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಸಿದೆ. ಖಾಲಿಯಾದ ದಿನ ಇನ್ನೊಂದು ತಾರೀಖು. ನಾಲ್ಕು ಜನರ ಮನೆಯಲ್ಲಿ ಒಂದು ಕೆಜಿ ಉಪ್ಪು 18 ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 14 ಗ್ರಾಂ ಹತ್ತಿರ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಮಿಗಿಂತ ಕಮ್ಮಿ. ಹಾಗೆ ತಿಂದರೆ ಅದೇ ಪ್ಯಾಕೆಟ್ 50 ದಿನ ಬರಬೇಕು. ಗ್ರಾಂ ಅಂದರೆ ಯಾರ ತಲೆಗೂ ಹೋಗಲ್ಲ. "ನಿಮ್ಮನೇಲಿ 18 ದಿನ, ಎದುರು ಮನೇಲಿ 27" ಅಂದರೆ ತಕ್ಷಣ ಹೋಗುತ್ತದೆ. ಎಣ್ಣೆಗೂ ಹೀಗೇ ಮಾಡಿದೆ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಅಂತ ಲೆಕ್ಕ ಇಟ್ಟೆ.

ಒಂದು ಮನೆಯಲ್ಲಿ ಮಾತ್ರ ಪ್ಯಾಕೆಟ್ ಹನ್ನೊಂದೇ ದಿನಕ್ಕೆ ಖಾಲಿ. ಇದ್ದವರು ಮೂರು ಜನ. ಎರಡು ಸಲ ಹೋಗಿ ಸೊಸೆಗೆ ಬುದ್ಧಿ ಹೇಳಿ ಬಂದೆ, ಅವಳು ಅಳುವುದೊಂದು ಬಾಕಿ. ಮೂರನೇ ಸಲ ಹೋದಾಗ ಅತ್ತೆ ಕೊಟ್ಟಿಗೆಯಲ್ಲಿ ಬೂಸ ಕಲಸುತ್ತಿದ್ದರು. ಹಿಡಿ ತುಂಬ ಉಪ್ಪು ತೆಗೆದು ಹಾಕಿದರು. ಹಸುವಿನ ಉಪ್ಪನ್ನು ನಾನು ಮನುಷ್ಯರ ಲೆಕ್ಕಕ್ಕೆ ಬರೆದಿದ್ದೆ! ಸೊಸೆಯ ಹತ್ತಿರ ಕ್ಷಮೆ ಕೇಳಿದೆ. ಅವತ್ತಿನಿಂದ ದನ ಇರುವ ಮನೆಗೆ ಬೇರೆ ಪ್ಯಾಕೆಟ್, ಅದರ ಮೇಲೆ ಹಸುವಿನ ಚಿತ್ರ. ಉಪ್ಪಿನಕಾಯಿ ಹಾಕುವ ತಿಂಗಳಿನ ಲೆಕ್ಕವನ್ನೂ ಪಕ್ಕಕ್ಕಿಡಬೇಕು.

ಲೆಕ್ಕ ಸಿಕ್ಕಿತು, ಇಳಿಸುವುದು ಹೇಗೆ? ನಮ್ಮ ಸೀಮೆಯಲ್ಲಿ ಮುದ್ದೆಗೆ ಉಪ್ಸಾರು. ಹೆಸರಲ್ಲೇ ಉಪ್ಪಿದೆ. ಒಬ್ಬ ಅಜ್ಜಿ ಮುಖಕ್ಕೆ ಹೊಡೆದ ಹಾಗೆ ಕೇಳಿದರು, "ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಸುಮ್ನೆ ಹೇಳವ್ರಾ ಸಿಸ್ಟರ್?" ಸಾರಿನ ತಂಟೆಗೆ ಹೋಗಬಾರದು ಅಂತ ಅವತ್ತೇ ಗೊತ್ತಾಯಿತು. ಪಕ್ಕದಲ್ಲಿ ಇಟ್ಟುಕೊಳ್ಳುವ ಖಾರ ಇದೆಯಲ್ಲ, ಉಪ್ಪು ಗುಂಪಾಗಿ ಕೂತಿರುವುದು ಅಲ್ಲಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಅದಕ್ಕೆ ಒಂದು ಹಿಡಿ ಕಲ್ಲುಪ್ಪು. ಸಾರಿಗೂ ಉಪ್ಪು, ಖಾರಕ್ಕೂ ಉಪ್ಪು. ನಾಲ್ಕು ಜನ ಹೆಂಗಸರನ್ನು ಕೂರಿಸಿಕೊಂಡು ಖಾರವನ್ನು ಐದಾರು ಥರ ಅರೆದು ನೋಡಿದೆವು. ಬೆಳ್ಳುಳ್ಳಿ ಸುಟ್ಟು ಹಾಕಿ, ಹುಣಸೆ ಸ್ವಲ್ಪ ಏರಿಸಿದರೆ ಉಪ್ಪು ಅರ್ಧಕ್ಕೆ ಇಳಿಸಿದ್ದು ನಾಲಿಗೆಗೆ ಗೊತ್ತಾಗಲ್ಲ. ಇನ್ನೊಂದು ಪದಾರ್ಥವೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಸಂಘದ ಹೆಂಗಸರು ಈ ಖಾರ ಮಾಡಿ ಮಾರಬೇಕು ಅಂತಿದ್ದಾರೆ, ಅದು ಅವರ ಸೊತ್ತು.

ದೊಡ್ಡ ಗಂಡಾಂತರ ಆದದ್ದು ನಾಲ್ಕನೇ ತಿಂಗಳಲ್ಲಿ. ಒಬ್ಬಾಕೆ "ಉಪ್ಪು ಕಮ್ಮಿ ಮಾಡಿದೀನಲ್ಲ" ಅಂತ ಬಿಪಿ ಮಾತ್ರೆ ಆಮ್ಲೋಡಿಪಿನ್ ಬಿಟ್ಟುಬಿಟ್ಟಿದ್ದರು. ತಲೆನೋವು ಅಂತ ಬಂದಾಗ ನೋಡಿದರೆ 190/110. ಮಷಿನ್ ಕೆಟ್ಟಿದೆಯೇನೋ ಅಂತ ಇನ್ನೊಂದು ಸಲ ನೋಡಿದೆ. ಅಷ್ಟೇ ಇತ್ತು. ಆಟೋದಲ್ಲಿ ನಾನೇ ಕರೆದುಕೊಂಡು ಹೋದೆ. ದೇವರ ದಯೆ, ಏನೂ ಆಗಲಿಲ್ಲ. ಮಾತ್ರೆ ಬಿಡಬೇಡಿ ಅಂತ ನಾನು ಒಂದೇ ಸಲ ಹೇಳಿ ಸುಮ್ಮನಾಗಿದ್ದೆ. ಈಗ ಪ್ರತಿ ಭೇಟಿಯಲ್ಲೂ ಉಪ್ಪಿನ ಪ್ಯಾಕೆಟ್ ಜೊತೆಗೆ ಮಾತ್ರೆಯ ಶೀಟ್ ತೋರಿಸಲೇಬೇಕು. ಖಾಲಿ ಗುಳಿಗಳನ್ನು ಎಣಿಸುತ್ತೇನೆ.

ಮೈ ಆಡಿಸಲು ಸಿಕ್ಕ ದಾರಿ ಕೋಲಾಟ. ಇದು ನನ್ನ ಐಡಿಯಾ ಅಲ್ಲ, ಆಶಾ ಅಕ್ಕನದ್ದು. ರಾತ್ರಿ ಎಂಟೂವರೆಗೆ ರಾಮಮಂದಿರದ ಮುಂದೆ, ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ. ವಾಕಿಂಗ್ ಹೋದರೆ ನಗುತ್ತಿದ್ದವರು ಕೋಲು ಹಿಡಿದರೆ ನಿಂತು ನೋಡುತ್ತಾರೆ. ದಿನವೆಲ್ಲ ಮಷಿನ್ ಮುಂದೆ ಕೂತು ಸೊಂಟ ಹಿಡಿದವರು ಎರಡನೇ ಹಾಡಿಗೆ ಬೆವರುತ್ತಿದ್ದರು. ಮಂಡಿ ನೋವಿದ್ದವರು ಕೂತು ಹಾಡುತ್ತಿದ್ದರು. ಮಳೆಗಾಲದಲ್ಲಿ ಒಂದು ತಿಂಗಳು ನಿಂತಿತು, ಆಗ ತೂಕವೂ ನಿಂತಿತು.

ಕಡಿಮೆ ಸೋಡಿಯಂ ಉಪ್ಪನ್ನೂ ನೋಡಿದೆ. ಚೀನಾದ 600 ಹಳ್ಳಿಗಳಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದ ಉಪ್ಪು ಕೊಟ್ಟು ಲಕ್ವ ಹೊಡೆಯುವುದು ಕಮ್ಮಿಯಾಯಿತು ಅಂತ 2021ರಲ್ಲಿ ಬಂದಿತ್ತು. ಆಸೆಯಾಗಿ ಆರು ಮನೆಗೆ ತಂದುಕೊಟ್ಟೆ. ಬೆಲೆ ಎರಡು ಪಟ್ಟು. ಆದರೆ ಕಿಡ್ನಿ ತೊಂದರೆ ಇದ್ದವರಿಗೆ ಅದು ಅಪಾಯ, ಟೆಲ್ಮಿಸಾರ್ಟನ್ ಅನ್ನುವ ಬಿಪಿ ಮಾತ್ರೆ ತಗೊಳ್ಳುವವರಿಗೂ ಎಚ್ಚರ ಬೇಕು. ಒಂದೇ ಒಲೆಯ ಊಟ ಮನೆಯವರೆಲ್ಲ ಉಣ್ಣುತ್ತಾರೆ. ಎಲ್ಲರ ರಕ್ತ ಪರೀಕ್ಷೆ ಮಾಡಿಸುವ ಶಕ್ತಿ ನನಗಿಲ್ಲ. ಎರಡೇ ವಾರಕ್ಕೆ ವಾಪಸ್ ತಂದೆ.

ಫಲ ಏನಾಯಿತು ಅಂದರೆ, ನೆನಪಿನಿಂದ ಹೇಳುತ್ತೇನೆ. ಸೇರಿದ್ದು 38 ಹೆಂಗಸರು, ಎಂಟು ತಿಂಗಳ ಕೊನೆಗೆ ಉಳಿದದ್ದು 29. ತೂಕ ಸರಾಸರಿ ಮೂರು ಕೆಜಿ ಇಳಿಯಿತು, ಒಬ್ಬಾಕೆಯದು ಏಳು. ಉಪ್ಪಿನ ಪ್ಯಾಕೆಟ್ 18-20 ದಿನದಿಂದ 30ರ ಆಸುಪಾಸಿಗೆ ಬಂತು. ಐವತ್ತು ಯಾರಿಗೂ ಆಗಲಿಲ್ಲ. ಮೇಲಿನ ಬಿಪಿ ಎಂಟು-ಹತ್ತು ಪಾಯಿಂಟ್ ಇಳಿಯಿತು, ಈ ಸಲ ದೊಡ್ಡ ಕಫ್‌ನಲ್ಲೇ. ಮಾತ್ರೆ ಸರಿಯಾಗಿ ನುಂಗಿದ್ದರ ಪಾಲೂ ಅದರಲ್ಲಿದೆ, ಎಲ್ಲ ಉಪ್ಪಿನದ್ದೇ ಅಂತ ಹೇಳಲ್ಲ. ಎರಡನೇ ವರ್ಷದ ನನ್ನ ಖರ್ಚು, ತೂಕದ ಮಷಿನ್ ಸೇರಿ, ಮೂರು ಸಾವಿರ ದಾಟಲಿಲ್ಲ. ಇಷ್ಟು ದುಡ್ಡಿಗೆ ಇಷ್ಟು ಕೆಲಸ ನಮ್ಮ ಸುತ್ತಮುತ್ತ ಬೇರೆಲ್ಲೂ ಆಗಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಗಂಡಸರ ಬಿಪಿ ಮಾತ್ರ ಅಲ್ಲಾಡಲಿಲ್ಲ. ಅವರ ಉಪ್ಪು ಮನೆಯ ಪ್ಯಾಕೆಟ್‌ನಲ್ಲಿಲ್ಲ. ಸಂಜೆ ಕುಡಿತದ ಜೊತೆ ನಂಜಿಕೊಳ್ಳುವ ಖಾರದ ತಿಂಡಿ, ಕಡಲೆಬೀಜದಲ್ಲಿದೆ, ಬೇಕರಿಯಲ್ಲಿದೆ. ಉಪಕೇಂದ್ರಕ್ಕೂ ಬರುವುದಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಜನರ ಕ್ಷೌರದಂಗಡಿಗಳಲ್ಲೇ ಫಾರ್ಮಸಿಸ್ಟ್‌ಗಳು ಬಿಪಿ ನೋಡಿ ಮಾತ್ರೆ ಕೊಟ್ಟು ಚೆನ್ನಾಗಿ ಇಳಿಸಿದ್ದರು, 2018ರ ಸುದ್ದಿ ಅದು. ನಮ್ಮೂರ ಅಂಗಡಿಯವರನ್ನು ಕೇಳಿದೆ. ಮಂಗಳವಾರ ರಜಾ, ಭಾನುವಾರ ಬೆಳಿಗ್ಗೆ ಬನ್ನಿ, ಸರದಿಗೆ ಕಾಯುತ್ತಾ ಎಂಟು ಹತ್ತು ಜನ ಸುಮ್ನೆ ಕೂತಿರ್ತಾರೆ ಅಂದರು. ಬೆಂಚು ಒಂದು ಖಾಲಿ ಮಾಡಿಕೊಡುತ್ತೇನೆ ಅಂದಿದ್ದಾರೆ. ಬರುವ ಭಾನುವಾರ ಹೋಗುತ್ತಿದ್ದೇನೆ.