ಉಣುಗಿನ ಕಡಿತ ಮತ್ತು ಹೃದಯ: ಹೊಸದಾಗಿ ಬಂದವರಿಗೆ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಅಥವಾ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ನೆಲೆಸಲು ಬಂದವರ ಕಿವಿಗೆ ಲೈಮ್ ಕಾಯಿಲೆಯ ಹೆಸರು ಬೇಗನೆ ಬೀಳುತ್ತದೆ. ಆದರೆ ಅದು ಹೃದಯವನ್ನೂ ಮುಟ್ಟಬಲ್ಲದು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ನಿಮಗೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಈ ಕಾಯಿಲೆಯನ್ನು ಹರಡುವುದು ಇಲ್ಲಿಯವರು ಟಿಕ್ ಎನ್ನುವ ಉಣುಗು. ಅದರ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ, ಕಚ್ಚಿದರೆ ನೋವೂ ಆಗುವುದಿಲ್ಲ. ರೋಗಾಣು ನಮ್ಮ ದೇಹಕ್ಕೆ ದಾಟಲು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಬೇಕಾಗುವುದರಿಂದ, ಕಾಡಿನಲ್ಲೋ ಎತ್ತರದ ಹುಲ್ಲಿನಲ್ಲೋ ಓಡಾಡಿದ ದಿನ ಸಂಜೆಯೇ ಸ್ನಾನ ಮಾಡಿ ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಕೂದಲ ಬುಡವನ್ನು ಬೆರಳಾಡಿಸಿ ನೋಡಿಕೊಳ್ಳಿ. ಸಿಕ್ಕರೆ ಸಣ್ಣ ತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಬೇಡ.

ವರದಿಯಾದ ರೋಗಿಗಳಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಹೃದಯದ ತೊಂದರೆ ಕಾಣಿಸುತ್ತದೆ, ಹೆಚ್ಚಾಗಿ ಸೋಂಕು ತಗಲಿದ ಒಂದೆರಡು ತಿಂಗಳೊಳಗೆ. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹೋಗಬೇಕಾದ ವಿದ್ಯುತ್ ಸಂಕೇತ ನಿಧಾನವಾಗುತ್ತದೆ, ಕೆಲವೊಮ್ಮೆ ಪೂರ್ತಿ ತಡೆದು ನಿಲ್ಲುತ್ತದೆ. ತಲೆ ಸುತ್ತುವುದು, ಏದುಸಿರು, ಎದೆನೋವು, ನಾಡಿ ನಿಧಾನವಾಗುವುದು, ಎಚ್ಚರ ತಪ್ಪುವುದು ಇದರ ಲಕ್ಷಣಗಳು. ಹೊಸ ಕೆಲಸ, ಹೊಸ ಮನೆಯ ಗಡಿಬಿಡಿಯಲ್ಲಿರುವವರು ಇವನ್ನೆಲ್ಲ ಆಯಾಸವೆಂದು ತಳ್ಳಿಹಾಕುವುದೇ ನನ್ನ ದೊಡ್ಡ ಚಿಂತೆ, ಏಕೆಂದರೆ ಈ ತಡೆ ಕೆಲವೇ ಗಂಟೆಗಳಲ್ಲಿ ಉಲ್ಬಣಿಸಬಲ್ಲದು.

ಈ ಕಾಯಿಲೆಯಲ್ಲಿ ಚರ್ಮದ ಮೇಲೆ ಮೂಡುವ ಕೆಂಪು ಉಂಗುರದಂಥ ಗುರುತು ಬಂದಿಲ್ಲವಲ್ಲ ಎಂದು ಸಮಾಧಾನಪಡಬೇಡಿ: ಅದು ಎಲ್ಲರಿಗೂ ಮೂಡುವುದಿಲ್ಲ, ಮೂಡಿದರೂ ನಮ್ಮ ಕಂದು ಚರ್ಮದ ಮೇಲೆ ಕೆಂಪಾಗಿ ಎದ್ದು ಕಾಣದೆ ಹೋಗಬಹುದು. ಮೊದಲ ವಾರಗಳಲ್ಲಿ ರಕ್ತಪರೀಕ್ಷೆಯೂ ಸೋಂಕನ್ನು ಹಿಡಿಯದಿರಬಹುದು. ಆದ್ದರಿಂದ ವೈದ್ಯರು ಕೇಳದಿದ್ದರೂ ಎಲ್ಲಿ, ಯಾವಾಗ ಓಡಾಡಿದ್ದಿರಿ ಎಂಬುದನ್ನು ನೀವೇ ಹೇಳಿ, ಇಸಿಜಿ ಬೇಕೇ ಎಂದು ಕೇಳಿ. ಅದರಲ್ಲಿ ಪಿಆರ್ ಅಂತರ, ಅಂದರೆ ಸಂಕೇತ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ತಲುಪಲು ಹಿಡಿಯುವ ಸಮಯ, 300 ಮಿಲಿಸೆಕೆಂಡ್ ತಲುಪಿದ್ದರೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ಹೃದಯಬಡಿತವನ್ನು ನಿರಂತರವಾಗಿ ಗಮನಿಸುತ್ತಾರೆ, ಸೆಫ್ಟ್ರಿಯಾಕ್ಸೋನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಕೆಲವರಿಗೆ ತಾತ್ಕಾಲಿಕ ಪೇಸ್‌ಮೇಕರ್ ಬೇಕಾದೀತು. ಶಾಶ್ವತವಾದದ್ದು ಬೇಕಾಗುವುದು ಅಪರೂಪ, ಸಕಾಲದಲ್ಲಿ ಚಿಕಿತ್ಸೆ ಸಿಕ್ಕವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಯಾರಾದರೂ ಎಚ್ಚರ ತಪ್ಪಿ ಬಿದ್ದರೆ ನಿಮ್ಮ ಕಾರಿನಲ್ಲಿ ಕರೆದೊಯ್ಯಲು ಹೋಗದೆ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿ, ಉಣುಗಿನ ಕಡಿತದ ಅನುಮಾನವಿದ್ದರೆ ಬಂದವರಿಗೆ ಅದನ್ನೂ ತಿಳಿಸಿ.