ಗಿಳಿಹಸಿರು ಬೆಟ್ಟ, ಲೈಟ್ ಕಂಬ: ನನ್ನ ಅನುಭವ

ನಾನು ಬರೆದ ಮೊದಲ ಚಿತ್ರದಲ್ಲಿ ಚಾಮುಂಡಿ ಬೆಟ್ಟ ಗಿಳಿಹಸಿರು ಬಣ್ಣದಲ್ಲಿತ್ತು. ಟ್ಯೂಬಿನಲ್ಲಿದ್ದ ಸ್ಯಾಪ್ ಗ್ರೀನನ್ನು ಹಾಗೇ ಒತ್ತಿ, ನೀರಲ್ಲಿ ಕಲಸಿ, ಬುಡದಿಂದ ತುದಿವರೆಗೆ ಬಳಿದಿದ್ದೆ. ಮಗಳು ನೋಡಿ "ಅಮ್ಮ, ಬೆಟ್ಟಕ್ಕೆ ರೇಡಿಯಂ ಸ್ಟಿಕ್ಕರ್ ಅಂಟಿಸಿದೀಯಾ?" ಅಂದಳು. ಬಣ್ಣವೂ ಅವಳದ್ದೇ. ಹೈಸ್ಕೂಲಲ್ಲಿ ಲೋಯರ್ ಡ್ರಾಯಿಂಗ್ ಪರೀಕ್ಷೆಗೆ ಅಂತ ತಂದು, ಆಮೇಲೆ ಅಟ್ಟ ಸೇರಿದ್ದ ಡಬ್ಬಿ. ನನಗಾಗ 46 ವರ್ಷ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ದಿನವಿಡೀ ನೋಟು ಎಣಿಸಿ ಬಂದವಳಿಗೆ ಸಂಜೆ ಬೇರೆ ಏನಾದರೂ ಬಣ್ಣ ನೋಡೋಣ ಅನ್ನಿಸಿತ್ತು, ಅಷ್ಟೇ. ಕಲೆ ಗಿಲೆ ಅಂತ ದೊಡ್ಡ ಯೋಚನೆ ಏನೂ ಇರಲಿಲ್ಲ.

ಆ ಬೆಟ್ಟದ ಚಿತ್ರ ಇವತ್ತಿಗೂ ನನ್ನ ಬೀರುವಿನಲ್ಲಿದೆ. ಅದು ಬರೆದ ಹಾಳೆ ಮಕ್ಕಳ ಡ್ರಾಯಿಂಗ್ ಪುಸ್ತಕದ್ದು, ನೀರು ಬಿದ್ದ ತಕ್ಷಣ ಹಪ್ಪಳದ ಹಾಗೆ ಉಬ್ಬಿ ಸುಕ್ಕಾಯಿತು. ಆಮೇಲೆ ಗೊತ್ತಾಯಿತು, ನೀರುಬಣ್ಣದಲ್ಲಿ ಬಣ್ಣಕ್ಕಿಂತ ಮೊದಲು ದುಡ್ಡು ಹಾಕಬೇಕಾದ್ದು ಹಾಳೆಗೆ. 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದು ಬೇಕು. ಹತ್ತಿಯಿಂದ ಮಾಡಿದ್ದಾದರೆ ಇನ್ನೂ ಒಳ್ಳೆಯದು, ಆದರೆ ಬೆಲೆ ಜಾಸ್ತಿ. ಹಾಗಾಗಿ ದೊಡ್ಡ ಹಾಳೆಯೊಂದನ್ನು ಕತ್ತರಿಸಿ ನಾಲ್ಕು ಮಾಡಿಕೊಂಡು, ಎರಡೂ ಕಡೆ ಬರೆಯುತ್ತೇನೆ. ಮಗಳ ಹಳೇ ಎಕ್ಸಾಂ ಪ್ಯಾಡಿನ ಮೇಲಿಟ್ಟು ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಆಯಿತು, ಬೇರೆ ಬೋರ್ಡು ಬೇಡ.

ಒಂದು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗಿದ್ದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ಕೆರೆ, ಕುವೆಂಪು ವಾಕಿಂಗ್ ಬರುತ್ತಿದ್ದ ಕೆರೆ, ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಕಲ್ಲುಬೆಂಚಿನ ಮೇಲೆ ಒಬ್ಬ ಹೆಂಗಸು ತೊಡೆ ಮೇಲೆ ರಟ್ಟು ಇಟ್ಟುಕೊಂಡು, ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು ತಂದು, ಹೆಜ್ಜಾರ್ಲೆಗಳು ಕೂತ ಮರವನ್ನು ಬರೆಯುತ್ತಿದ್ದರು. ನಾನು ಹಿಂದೆ ನಿಂತು ನೋಡುತ್ತಲೇ ಇದ್ದೆ. ಅವರು ತಿರುಗದೆಯೇ "ನೀವೂ ಬರೀತೀರಾ?" ಅಂದರು. ಇಲ್ಲ ಅನ್ನಬೇಕು ಅಂತಿದ್ದೆ, ಬಾಯಿಂದ "ಸ್ವಲ್ಪ" ಅಂತ ಬಂತು. "ಹಾಗಾದ್ರೆ ಮುಂದಿನ ವಾರ ಪ್ಯಾಡ್ ತನ್ನಿ."

ಅವರು ಟೈಲರ್ ಅಂಗಡಿ ಇಟ್ಟುಕೊಂಡವರು. ನಮಗೆಲ್ಲ ಅವರು ಟೈಲರ್ ಅಕ್ಕ. ವಾರ ವಾರ ಬರುವವರು ಆರೇಳು ಜನ: ಲೈನ್‌ಮನ್ ಆಗಿ ರಿಟೈರಾದ ಒಬ್ಬರು ಅಂಕಲ್, ಬಿಕಾಂ ಓದುವ ಒಬ್ಬ ಹುಡುಗ, ಅತ್ತೆಸೊಸೆ ಇಬ್ಬರು (ಸೊಸೆ ಬರೆಯುತ್ತಾಳೆ, ಅತ್ತೆ ಉಪ್ಪಿಟ್ಟು ತರುತ್ತಾರೆ, ಆಮೇಲಾಮೇಲೆ ಅತ್ತೆಯೂ ಬರೆಯತೊಡಗಿದರು), ನಾನು. ಕಲಾಶಾಲೆಯ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ಎರಡು ಗಂಟೆ ಬರೆಯೋದು, ಆಮೇಲೆ ಎಲ್ಲರ ಚಿತ್ರವನ್ನೂ ಕಟ್ಟೆ ಮೇಲೆ ಸಾಲಾಗಿ ಇಟ್ಟು, ಗಾಳಿಗೆ ಹಾರದ ಹಾಗೆ ಮೂಲೆಗೊಂದು ಕಲ್ಲಿಟ್ಟು ನೋಡೋದು. ಇಷ್ಟೇ ನಮ್ಮ ಪದ್ಧತಿ.

ಮೊದಲ ವಾರ ನನ್ನ ಚಿತ್ರಕ್ಕೆ ಎಲ್ಲರೂ "ಸೂಪರ್" ಅಂದರು. ನನಗೆ ಖುಷಿಯಾಗಲಿಲ್ಲ, ಯಾಕೆಂದರೆ ಸೂಪರ್ ಅಲ್ಲ ಅಂತ ನನಗೇ ಗೊತ್ತಿತ್ತು. ಕೆಸರು ಬಣ್ಣದ ನೀರು, ಅದರ ಮೇಲೆ ಅದೇ ರೇಡಿಯಂ ಹಸಿರು. ಟೈಲರ್ ಅಕ್ಕ ಮಾತ್ರ ಸೂಪರ್ ಅನ್ನಲಿಲ್ಲ. ಬಗ್ಗಿ ನೋಡಿ, ಬಲಗಡೆ ಮೂಲೆಗೆ ಬೆರಳು ತೋರಿಸಿ, "ನೀರಿನ ಅಂಚಲ್ಲಿ ಬಿಳಿ ಗೆರೆ ಬಿಟ್ಟಿದೀರಲ್ಲ, ಬಿಸಿಲು ಬಿದ್ದ ಹಾಗೆ ಕಾಣ್ತಿದೆ. ಬೇಕಂತ ಬಿಟ್ಟಿದ್ದಾ?" ಅಂದರು.

ಬೇಕಂತ ಬಿಟ್ಟಿರಲಿಲ್ಲ. ಬ್ರಷ್ ಒಣಗಿತ್ತು, ಅಲ್ಲಿಗೆ ಬಣ್ಣ ತಲುಪಿರಲಿಲ್ಲ. ಆದರೆ ಮನೆಗೆ ಬಂದ ಮೇಲೆ ಆ ಗೆರೆಯನ್ನೇ ನೋಡುತ್ತಾ ಕೂತೆ. ನೀರುಬಣ್ಣದಲ್ಲಿ ಬಿಳಿ ಅಂದರೆ ಬಣ್ಣವಲ್ಲ, ಖಾಲಿ ಬಿಟ್ಟ ಹಾಳೆ. ಈ ಮಾತನ್ನು ನಾನು ವಿಡಿಯೋಗಳಲ್ಲಿ ಹತ್ತು ಸಲ ಕೇಳಿದ್ದೆ, ತಲೆಗೆ ಹೋಗಿರಲಿಲ್ಲ. ನನ್ನದೇ ಚಿತ್ರದಲ್ಲಿ, ನನಗೇ ಗೊತ್ತಿಲ್ಲದೆ ಆಗಿದ್ದನ್ನು ಒಬ್ಬರು ಬೆರಳಿಟ್ಟು ತೋರಿಸಿದಾಗ ಹೋಯಿತು. ಮುಂದಿನ ವಾರ ಬೇಕಂತಲೇ ಬಿಟ್ಟೆ. ಜಾಸ್ತಿಯೇ ಬಿಟ್ಟೆ ಅನ್ನಿ, ಕೆರೆ ತುಂಬಾ ಸುಣ್ಣ ಚೆಲ್ಲಿದ ಹಾಗಿತ್ತು.

ಹಸಿರಿನ ಕಥೆ ಇನ್ನೂ ಉದ್ದ. ಮಳೆಗಾಲದಲ್ಲಿ ನಮ್ಮ ಕಡೆ ಹೊರಗೆ ಹೋದರೆ ಎಲ್ಲವೂ ಹಸಿರು, ಆದರೆ ಒಂದರ ಹಾಗೆ ಒಂದಿಲ್ಲ. ಭತ್ತದ ಒಟ್ಲು (ಸಸಿಮಡಿ) ಒಂದು ಹಸಿರು, ಕಬ್ಬು ಒಂದು, ಹೊಂಗೆ ಚಿಗುರು ಒಂದು, ಮಾವಿನ ಹಳೇ ಎಲೆ ಇನ್ನೊಂದು. ಟ್ಯೂಬಿನಲ್ಲಿ ಬರುವುದು ಒಂದೋ ಎರಡೋ. ನಾನು ಹಸಿರು ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗೋಕೆ ಶುರು ಮಾಡಿದೆ. ಇದೊಂದು ಮಾಡಿದ್ದಕ್ಕೆ ಆದ ಬದಲಾವಣೆ ಬೇರೆ ಯಾವುದರಿಂದಲೂ ಆಗಿಲ್ಲ. ಪ್ರಶಿಯನ್ ಬ್ಲೂಗೆ ಲೆಮನ್ ಯೆಲ್ಲೋ ಜಾಸ್ತಿ ಹಾಕಿದರೆ ಒಟ್ಲಿನ ಎಳೇ ಹಸಿರು ಬರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಕೇಸರಿ ಕಡೆಗಿರುವ ಗಾಢ ಹಳದಿ ಸೇರಿಸಿದರೆ ಸ್ವಲ್ಪ ಮಂಕಾದ, ನಿಜವಾದ ಮರದ ಹಸಿರು. ಅದಕ್ಕೆ ಒಂದು ಚೂರು ಬರ್ನ್ಟ್ ಸಿಯೆನ್ನಾ (ಕೆಂಪು ಕಡೆಗಿರುವ ಕಂದು) ತಾಗಿಸಿದರೆ ಮಾವಿನ ನೆರಳು. ದೂರದ ಬೆಟ್ಟಕ್ಕೆ ಹಳದಿಯನ್ನು ಹೆಚ್ಚುಕಡಿಮೆ ಬಿಟ್ಟೇಬಿಡಬೇಕು, ಯಾಕೆಂದರೆ ದೂರ ಹೋದ ಹಾಗೆ ಹಸಿರು ನೀಲಿಗೆ ತಿರುಗುತ್ತದೆ. ಕೆರೆ ಏರಿ ಮೇಲೆ ನಿಂತು ಚಾಮುಂಡಿ ಬೆಟ್ಟ ನೋಡಿ, ಅದು ಯಾವತ್ತೂ ಹಸಿರಾಗಿರಲಿಲ್ಲ. ನಾನು ನೋಡಿರಲಿಲ್ಲ, ಬೆಟ್ಟ ಅಂದರೆ ಹಸಿರು ಅಂತ ಬಳಿದಿದ್ದೆ.

ನೀರಿನ ಅಳತೆಗೆ ಟೈಲರ್ ಅಕ್ಕ ಅಡುಗೆಮನೆ ಲೆಕ್ಕ ಹೇಳಿಕೊಟ್ಟರು. ಆಕಾಶಕ್ಕೆ ತಿಳಿಸಾರು, ನಡುವಿನ ಮರಗಿಡಕ್ಕೆ ಮಜ್ಜಿಗೆ, ಮುಂದಿನ ಬಂಡೆ, ಬೇಲಿಗೆ ಗಟ್ಟಿ ಮೊಸರು. ಈ ಕ್ರಮ ತಪ್ಪಿಸಬಾರದು, ಸಾರಿನ ಮೇಲೆ ಮೊಸರು ಹಾಕಬಹುದು, ಮೊಸರಿನ ಮೇಲೆ ಸಾರು ಸುರಿದರೆ ಕೆಟ್ಟಿತು ಅಂತಲೇ. ಇನ್ನೊಂದು, ಹಾಳೆ ಹೊಳೆಯುತ್ತಿರುವಾಗ ಮೇಲೆ ಬಣ್ಣ ಬಿಡಬಹುದು, ಮೋಡದ ಹಾಗೆ ಹರಡಿಕೊಳ್ಳುತ್ತದೆ. ಹೊಳಪು ಹೋಗಿದೆ, ಆದರೆ ಬೆರಳ ಹಿಂಬದಿ ತಾಗಿಸಿದರೆ ಇನ್ನೂ ತಣ್ಣಗಿದೆ ಅನ್ನುವ ಹೊತ್ತಲ್ಲಿ ಮಾತ್ರ ದಯವಿಟ್ಟು ಮುಟ್ಟಬೇಡಿ. ಆಗಲೇ ಹೂಕೋಸಿನ ಹಾಗೆ ಕಲೆ ಏಳುವುದು. ಏಪ್ರಿಲ್ ಬಿಸಿಲಲ್ಲಿ ಈ ಹೊತ್ತು ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ, ಶ್ರಾವಣದ ಜಡಿಯಲ್ಲಿ ಉಪ್ಪಿಟ್ಟು ತಿಂದು ಟೀ ಕುಡಿದರೂ ಒಣಗುವುದಿಲ್ಲ.

ಬಿಕಾಂ ಹುಡುಗನ ವಿಷಯಕ್ಕೆ ಬರುತ್ತೇನೆ, ಅಲ್ಲಿ ತಪ್ಪು ನನ್ನದೂ ಇದೆ. ಅವನು ವಾರ ವಾರ ಸೂರ್ಯಾಸ್ತ ಬರೆಯುತ್ತಿದ್ದ. ಕಿತ್ತಳೆ ಆಕಾಶ, ಕಪ್ಪು ತೆಂಗಿನ ಮರ, ಒಂದು ದೋಣಿ. ನೋಡೋಕೆ ಚೆಂದ, ಕೈ ಚೆನ್ನಾಗಿತ್ತು, ನಾವೆಲ್ಲ ಸೂಪರ್ ಸೂಪರ್ ಅಂದೆವು. ಅದಕ್ಕೇ ಅವನು ಮುಂದಿನ ವಾರವೂ ಅದನ್ನೇ ಬರೆದ. ಬೆಳಿಗ್ಗೆ ಏಳು ಗಂಟೆಗೆ ಕೆರೆ ಮುಂದೆ ಕೂತು ಸೂರ್ಯಾಸ್ತ! ಹತ್ತಿಪ್ಪತ್ತು ಆದ ಮೇಲೆ ಒಂದು ದಿನ ಟೈಲರ್ ಅಕ್ಕ ಮೆಲ್ಲಗೆ, "ಆಕಾಶ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗೋ ಜಾಗ ತುಂಬಾ ನಯವಾಗಿದೆ ಕಣಪ್ಪಾ. ಈ ತೆಂಗಿನ ಮರ ಎಲ್ಲಿರೋದು?" ಅಂತ ಕೇಳಿದರು. ಎಲ್ಲೂ ಇಲ್ಲ ಅಂದ, ವಿಡಿಯೋದಲ್ಲಿ ನೋಡಿದ್ದು. "ನಿಮ್ಮನೆ ಹಿಂದೆ ಯಾವ ಮರ ಇದೆ?" ನುಗ್ಗೆ ಮರ ಇದೆಯಂತೆ. ಮುಂದಿನ ವಾರ ನುಗ್ಗೆ ಮರ ಬಂತು. ಚಿತ್ರ ಕೆಟ್ಟಿತ್ತು, ಎಲೆ ಎಲ್ಲ ಚುಕ್ಕಿ ಚುಕ್ಕಿ. ಆದರೆ ಕಾಂಡದ ನೆರಳಿಗೆ ಅವನು ನೇರಳೆ ಬಣ್ಣ ಹಾಕಿದ್ದ, ಪಕ್ಕದ ಮನೆಯ ಹಳದಿ ಗೋಡೆಯ ಮುಂದೆ ಆ ನೇರಳೆ ಎದ್ದು ನಿಂತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಅದನ್ನು ನಾನು ಮೊದಲು ಗುರುತಿಸಿ ಹೇಳಿದೆ. ಹೇಳಿದ ಮೇಲೆ ನನಗೂ ಒಂಥರಾ ಖುಷಿ, ಚಿತ್ರ ನೋಡೋಕೆ ಬಂತು ಅಂತ.

ಅಂದಿನಿಂದ ಸುಮ್ನೆ ಸೂಪರ್ ಅನ್ನೋದು ನಮ್ಮಲ್ಲಿ ನಿಂತುಹೋಯಿತು. ಜಾಗ ತೋರಿಸಬೇಕು, ಇಲ್ಲವೇ ಒಂದು ಪ್ರಶ್ನೆ ಕೇಳಬೇಕು, ಎರಡೂ ಆಗದಿದ್ದರೆ ಉಪ್ಪಿಟ್ಟು ತಿನ್ನಬೇಕು. ಇದು ಅಷ್ಟು ಸುಲಭ ಅಲ್ಲ. ಒಂದು ಚಿತ್ರದಲ್ಲಿ ಏನು ಕೆಟ್ಟಿದೆ ಅನ್ನುವುದು ಯಾರಿಗಾದರೂ ಕಾಣುತ್ತದೆ, ಎಲ್ಲಿ ಚೆನ್ನಾಗಿದೆ ಅಂತ ಹೇಳೋಕೆ ಐದು ನಿಮಿಷವಾದರೂ ನೋಡಬೇಕು.

ವರ್ಷಕ್ಕೆರಡು ಸಲ ಊರು ಬಿಟ್ಟು ಹೋಗುತ್ತೇವೆ. ಮೇಲುಕೋಟೆಯಲ್ಲಿ ರಾಯಗೋಪುರದ ಎದುರು ಆರೂ ಜನ ಒಂದೇ ಸಾಲಲ್ಲಿ ಕೂತು ಬರೆದೆವು. ಪೂರ್ತಿಯಾಗದೆ ನಿಂತ ಗೋಪುರ ಅದು, ಎತ್ತರದ ಕಂಬಗಳ ನಡುವೆ ಬರೀ ಆಕಾಶ. ಒಂದೇ ಜಾಗ, ಒಂದೇ ಹೊತ್ತು, ಕಟ್ಟೆ ಮೇಲೆ ಇಟ್ಟರೆ ಆರು ಊರಿನ ಚಿತ್ರದ ಹಾಗಿದ್ದವು. ಸೊಸೆಯ ಕಲ್ಲು ಗುಲಾಬಿ, ಅತ್ತೆಯ ಕಲ್ಲು ಅರಿಶಿನ. "ನಂಗೆ ಹಂಗೇ ಕಂಡಿದ್ದು" ಅಂತ ಅತ್ತೆ ವಾದ ಮಾಡಿದರು. ಅವರು ಹೇಳಿದ್ದೂ ಸರಿಯೇ, ಹತ್ತು ಗಂಟೆ ಬಿಸಿಲಿಗೆ ಆ ಕಲ್ಲು ಹಳದಿಯೇ.

ಜನವರಿಯಲ್ಲಿ ಒಮ್ಮೆ ಬೆಂಗಳೂರಿನ ಚಿತ್ರಸಂತೆಗೂ ಹೋಗಿದ್ದೆವು. ಚಿತ್ರಕಲಾ ಪರಿಷತ್ತು 2003ರಿಂದ ನಡೆಸುವ ಸಂತೆ, ಕುಮಾರಕೃಪಾ ರಸ್ತೆ ತುಂಬಾ ಚಿತ್ರಗಳು. ನಿಜ ಹೇಳಬೇಕೆಂದರೆ ನನಗೆ ಅಲ್ಲಿ ತಲೆ ತಿರುಗಿತು, ಅಷ್ಟೊಂದು ಚಿತ್ರ ಒಟ್ಟಿಗೆ ನೋಡೋಕೆ ಆಗಲ್ಲ. ಅದಕ್ಕಿಂತ ನಮ್ಮ ಊರಿನ ಜಗನ್ಮೋಹನ ಅರಮನೆಯಲ್ಲಿ ಒಂದೇ ಚಿತ್ರದ ಮುಂದೆ ನಿಂತಿದ್ದು ನನಗೆ ಜಾಸ್ತಿ ಕಲಿಸಿತು. ದೀಪ ಹಿಡಿದ ಹೆಂಗಸಿನ ಚಿತ್ರ, ಹಲ್ದಣಕರ್ ಬರೆದದ್ದು, ಮೈಸೂರಿಗೆ ಬಂದವರೆಲ್ಲ ನೋಡಿರುತ್ತೀರಿ. ಅದು ನೀರುಬಣ್ಣ ಅಂತ ಗೊತ್ತಾದಾಗ ಲೈನ್‌ಮನ್ ಅಂಕಲ್ "ಇದನ್ನ ನಮ್ ಬಣ್ಣದಲ್ಲೇ ಮಾಡಿದ್ದಾ?" ಅಂತ ಎರಡೆರಡು ಸಲ ಕೇಳಿದರು. ನಾವೆಲ್ಲ ಗಾಢ ಬಣ್ಣಕ್ಕೆ ಹೆದರಿ, ಒಣಗಿದ ಮೇಲೆ ಇನ್ನೂ ತೆಳುವಾಗಿ, ಚಿತ್ರ ತೊಳೆದ ಬಟ್ಟೆ ಥರ ಮಾಡುತ್ತಿದ್ದೆವು. ಸುತ್ತಲಿನ ಕತ್ತಲು ಅಷ್ಟು ದಟ್ಟವಾಗಿದ್ದಕ್ಕೇ ಅಲ್ಲವಾ ಆ ದೀಪ ಉರಿಯೋದು. ಮುಂದಿನ ಭಾನುವಾರ ಎಲ್ಲರ ನೆರಳೂ ಎರಡು ಪಟ್ಟು ಕಪ್ಪಾಯಿತು.

ಈಗ ಹೇಳಲು ಮುಜುಗರವಾಗುವ ವಿಷಯ. ಲೈನ್‌ಮನ್ ಅಂಕಲ್ ಯಾವ ಚಿತ್ರ ಬರೆದರೂ ಅದರಲ್ಲಿ ಲೈಟ್ ಕಂಬ ಇರುತ್ತಿತ್ತು. ಗದ್ದೆ ಬರೆದರೆ ಗದ್ದೆ ನಡುವೆ ಕಂಬ, ಕೆರೆ ಬರೆದರೆ ದಂಡೆ ಮೇಲೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಕೂಡ. ಜಾಗ ತೋರಿಸೋ ಉತ್ಸಾಹದಲ್ಲಿ ನಾನು ಒಂದಿನ, "ಅಂಕಲ್, ಈ ಕಂಬ ಒಂದು ತೆಗೆದುಬಿಟ್ಟರೆ ಚಿತ್ರ ಎಷ್ಟು ಚೆನ್ನಾಗಿರುತ್ತೆ ಅಲ್ವಾ?" ಅಂದುಬಿಟ್ಟೆ. ಅವರು "ಹೌದಮ್ಮ" ಅಂದರು, ಅಷ್ಟೇ. ಮೂರು ವಾರ ಬರಲಿಲ್ಲ. ನಾಲ್ಕನೇ ವಾರ ಟೈಲರ್ ಅಕ್ಕ ಅವರ ಮನೆಗೇ ಹೋಗಿ ಕರೆದುಕೊಂಡು ಬಂದರು. ಬರುತ್ತಾ ದಾರಿಯಲ್ಲಿ ಅವರು ಹೇಳಿದ್ದಂತೆ, ಮೂವತ್ತು ವರ್ಷ ನಾನು ಊರು ನೋಡಿದ್ದೇ ಕಂಬದ ಮೇಲಿಂದ, ಕಂಬ ಇಲ್ಲದ ಗದ್ದೆ ನಂಗೆ ಗೊತ್ತೇ ಇಲ್ಲ ಅಂತ.

ನಾನು ಸಾರಿ ಕೇಳಲಿಲ್ಲ. ಕೇಳಬೇಕಿತ್ತು, ಬಾಯಿ ಬರಲಿಲ್ಲ. ಅದರ ಬದಲು ಅವರ ಚಿತ್ರಗಳನ್ನು ಒಂದೊಂದಾಗಿ ಮತ್ತೆ ನೋಡಿದೆ. ಕಂಬಗಳು ಒಂದರ ಹಿಂದೆ ಒಂದು ಚಿಕ್ಕದಾಗುತ್ತಾ ಹೋಗಿ, ನೋಡುವವರ ಕಣ್ಣನ್ನು ಗದ್ದೆಯ ಕೊನೆವರೆಗೂ ಕರೆದುಕೊಂಡು ಹೋಗುತ್ತಿದ್ದವು. ನಾವು ಯಾರೂ ದೂರವನ್ನು ಅಷ್ಟು ಸರಿಯಾಗಿ ಬರೆದಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ನಾನೂ ಮೊದಲ ಸಲ ನನ್ನ ಚಿತ್ರದಲ್ಲಿ ಕಂಬ ಬರೆದೆ. ಒಣಗಿದ ಗದ್ದೆ, ಬರ್ನ್ಟ್ ಸಿಯೆನ್ನಾ ನೆಲ, ಆಚೆ ನೀಲಿ ಬೆಟ್ಟ, ನಾಲ್ಕು ಕಂಬ. ತಂತಿ ಎಳೆಯೋಕೆ ಹೊಸದಾಗಿ ರಿಗ್ಗರ್ ಬ್ರಷ್ ತಂದಿದ್ದೆ, ಉದ್ದ ಕೂದಲಿನ ಸಣ್ಣ ಬ್ರಷ್. ಉಸಿರು ಹಿಡಿದು ಒಂದೇ ಏಟಿಗೆ ಎಳೆದೆ. ಗೆರೆ ಸ್ಕೇಲಿಟ್ಟ ಹಾಗೆ ಬಂತು, ನನಗೇ ಹೆಮ್ಮೆ. ಕಟ್ಟೆ ಮೇಲಿಟ್ಟು ಮೂಲೆಗೆ ಕಲ್ಲಿಟ್ಟೆ.

ಅಂಕಲ್ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಎರಡನೇ ಕಂಬದ ಬುಡ ಚೆನ್ನಾಗಿ ಕೂತಿದೆಯಮ್ಮ, ನೆಲದೊಳಗೆ ಇಳಿದ ಹಾಗೇ ಇದೆ" ಅಂದರು. ಆಮೇಲೆ, "ಇದು ಯಾವ ತಿಂಗಳು?"

"ಏಪ್ರಿಲ್ ಅಂಕಲ್."

"ಹಂಗಾದ್ರೆ ತಂತಿ ಯಾಕಿಷ್ಟು ಬಿಗಿ? ಬಿಸಿಲಿಗೆ ಜೋಲಬೇಕಲ್ವಾ."