ಅರ್ಜಿ ತುಂಬುವ ಮೊದಲು ಒಂದು ಹಾಳೆ

ಸಿಂಧನೂರಿನಲ್ಲಿ ನಾನು ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ಕೆಲಸಕ್ಕೆ ಅರ್ಜಿ ಹಾಕಲು ಬರುವವರೇ ಜಾಸ್ತಿ. ಪೊಲೀಸ್, ಪಿಡಿಒ, ರೈಲ್ವೆ, ಬ್ಯಾಂಕ್, ಅಂಚೆ, ಎಲ್ಲವೂ ಇರುತ್ತವೆ. ಪುಟ ಕಡಿಮೆ ಇದ್ದರೆ ಅರ್ಜಿ ಸುಲಭ ಅಂತ ಬಹಳ ಜನ ತಿಳಿದಿದ್ದಾರೆ. ನಾನು ಹಾಗೆ ಒಪ್ಪುವುದಿಲ್ಲ. ಏನು ಬೇಕು, ಏಕೆ ಬೇಕು ಅಂತ ಮೊದಲೇ ಬಿಡಿಸಿ ಹೇಳುವ ಅರ್ಜಿಯೇ ನನಗೆ ಸುಲಭದ್ದು.

ಬ್ಯಾಂಕ್ ಕೆಲಸಕ್ಕೆ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅರ್ಜಿಯನ್ನೇ ನೋಡಿ. ಫೋಟೋ, ಸಹಿ, ಎಡಗೈ ಹೆಬ್ಬೆಟ್ಟಿನ ಗುರುತು ಬೇಕು. ಜೊತೆಗೆ ಇಂಗ್ಲಿಷಿನಲ್ಲಿ ಕೈಯಾರೆ ಬರೆದ ಘೋಷಣೆ. ಸಹಿಯ ಫೈಲು 10ರಿಂದ 20 ಕೆಬಿ ಒಳಗೇ ಇರಬೇಕು. ಕೇಳಿದರೆ ತಲೆ ತಿರುಗುತ್ತದೆ. ಆದರೆ ಇದೆಲ್ಲ ಅಧಿಸೂಚನೆಯಲ್ಲೇ ಇದೆ, ಅಳತೆ ಸಮೇತ. ಓದಿಕೊಂಡು ಬಂದವರ ಕೆಲಸ ಬೇಗ ಮುಗಿಯುತ್ತದೆ.

ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಅರ್ಜಿ ಇದಕ್ಕೆ ತಿರುಗಮುರುಗ. ಪರೀಕ್ಷೆ ಇಲ್ಲ, ಹತ್ತನೇ ತರಗತಿ ಅಂಕದ ಮೇಲೆ ಆಯ್ಕೆ. ನೋಂದಣಿ, ಶುಲ್ಕ, ಅರ್ಜಿ, ಅಷ್ಟೇ. ಕಷ್ಟ ಇರುವುದು ಯಾವ ಅಂಚೆ ಕಚೇರಿ ಬೇಕು ಅಂತ ಕ್ರಮವಾಗಿ ಆರಿಸುವಲ್ಲಿ. ಒಂದೇ ವಿಭಾಗ ಆರಿಸಬಹುದು. ಕೆಲಸ ಸಿಕ್ಕರೆ ಅದೇ ಊರಿನ ಕಡೆ ಹೋಗಿ ಇರಬೇಕು. ಹಾಗಾಗಿ ಅಲ್ಲಿ ನಾನು ಅವಸರ ಮಾಡುವುದಿಲ್ಲ. ಮೊಬೈಲಿನಲ್ಲಿ ಮ್ಯಾಪ್ ತೆಗೆದು, ಮನೆಯವರಿಗೂ ಫೋನ್ ಮಾಡಿಸಿ, ಆಮೇಲೆ ಕ್ರಮ ಹಾಕುತ್ತೇನೆ.

ನನಗೆ ನಿಜವಾಗಿ ಸಂಕಟವಾಗುವುದು ರಾಜ್ಯ ಸರ್ಕಾರಿ ಹುದ್ದೆಗಳ ಅರ್ಜಿಯಲ್ಲಿ ಬರುವ 'ಹೌದು', 'ಇಲ್ಲ' ಪ್ರಶ್ನೆಗಳಲ್ಲಿ. ಗ್ರಾಮೀಣ ಮೀಸಲಾತಿ ಬೇಕೇ? ಕನ್ನಡ ಮಾಧ್ಯಮ ಮೀಸಲಾತಿ ಬೇಕೇ? ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ ಮೀಸಲಾತಿ, ಅಂದರೆ 371 ಜೆ ಅಡಿ ಬರುತ್ತೀರಾ? ಒಂದೊಂದು ಕ್ಲಿಕ್ಕಿನ ಪ್ರಶ್ನೆ, ಹಿಂದೆ ದೊಡ್ಡ ನಿಯಮ. ಗ್ರಾಮೀಣ ಮೀಸಲಾತಿ ಶೇ. 25. ಈಗ ಎಲ್ಲಿ ವಾಸ ಇದ್ದೀರಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, 1ರಿಂದ 10ನೇ ತರಗತಿವರೆಗೆ ಎಲ್ಲಿ ಓದಿದಿರಿ ಅನ್ನುವುದೇ ಮುಖ್ಯ. ಹಳ್ಳಿ ಶಾಲೆಯಲ್ಲಿ ಓದಿ ಈಗ ಪೇಟೆಯಲ್ಲಿ ರೂಮು ಮಾಡಿಕೊಂಡಿರುವ ಹುಡುಗ 'ಇಲ್ಲ' ಒತ್ತಲು ಹೋಗುತ್ತಾನೆ. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ನಗರದ ಹೈಸ್ಕೂಲಿನಲ್ಲಿ ಓದಿದವಳು 'ಹೌದು' ಅನ್ನುತ್ತಾಳೆ. ಇಬ್ಬರದೂ ತಪ್ಪಲ್ಲ, ಪ್ರಶ್ನೆ ಅರೆಬರೆ ಇದೆ, ಅಲ್ವಾ? ಕನ್ನಡ ಮಾಧ್ಯಮದ್ದು ಶೇ. 5. ಅದಕ್ಕೂ ಹತ್ತೂ ತರಗತಿಯ ದಾಖಲೆ ಬೇಕು. ಶಾಲೆ ಬದಲಾಗಿದ್ದರೆ ಹಳೇ ಶಾಲೆಗೂ ಅಲೆಯಬೇಕು.

ನಮ್ಮ ಕಡೆ 371 ಜೆ ಬಹಳ ದೊಡ್ಡ ವಿಷಯ. ಬೀದರ್‌ನಿಂದ ಬಳ್ಳಾರಿವರೆಗಿನ ಏಳು ಜಿಲ್ಲೆಯವರಿಗೆ ಇದು ಹಕ್ಕು. ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅರ್ಜಿಯ ಕೊನೆ ದಿನದೊಳಗೆ ಅದು ಕೈಯಲ್ಲಿ ಇರಬೇಕು. ಅರ್ಜಿ ಚಿಕ್ಕದಾಗಲಿ ಅಂತ ಇಂಥ ಪ್ರಶ್ನೆ ತೆಗೆದರೆ ನಮ್ಮ ಮಕ್ಕಳಿಗೇ ನಷ್ಟ. ಪ್ರಶ್ನೆ ಇರಲಿ. ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ವಿವರಣೆಯೂ ಇರಲಿ. ಅರ್ಜಿ ಉದ್ದವಾದರೂ ಪರವಾಗಿಲ್ಲ.

ಆ ಎರಡು ಸಾಲು ಅಲ್ಲಿ ಇಲ್ಲವಲ್ಲ, ಅದಕ್ಕೇ ನಾನು ಒಂದು ಹಾಳೆ ಮಾಡಿಟ್ಟಿದ್ದೇನೆ. ಕಂಪ್ಯೂಟರ್ ಮುಟ್ಟುವ ಮೊದಲು ಅಭ್ಯರ್ಥಿ ಅದನ್ನು ಪೆನ್ನಿನಲ್ಲಿ ತುಂಬಬೇಕು. ಯಾವ ತರಗತಿ, ಯಾವ ಊರು, ಯಾವ ಮಾಧ್ಯಮ ಅಂತ ಹತ್ತು ಗೆರೆ. ಜಾತಿ ಆದಾಯ ಪ್ರಮಾಣಪತ್ರದ ಮೇಲೆ ಇರುವ ಆರ್‌ಡಿ ಸಂಖ್ಯೆ, ಪತ್ರದ ದಿನಾಂಕ. ಮೊಬೈಲ್ ನಂಬರ್, ಇಮೇಲ್ ಅಭ್ಯರ್ಥಿಯದೇ ಆಗಿರಬೇಕು, ಸೆಂಟರಿನದು ಹಾಕುವುದಿಲ್ಲ. ಪ್ರವೇಶ ಪತ್ರದ ಸುದ್ದಿ ಅಲ್ಲಿಗೇ ಬರುವುದು.

ಹೆಸರಿಗೆ ಬೇರೆಯೇ ಜಾಗ ಬಿಟ್ಟಿದ್ದೇನೆ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ದಾಖಲೆಯಲ್ಲಿ ಇರುವುದಿಲ್ಲ, ಬರೀ ಇನಿಶಿಯಲ್ ಇರುತ್ತದೆ. ಅಂಕಪಟ್ಟಿಯಲ್ಲಿ 'ಬಸವರಾಜ ಎಚ್', ಆಧಾರ್‌ನಲ್ಲಿ 'ಬಸವರಾಜ ಹನುಮಂತಪ್ಪ'. ಅರ್ಜಿ ಮೊದಲ ಹೆಸರು, ಕೊನೆ ಹೆಸರು ಅಂತ ಬೇರೆ ಬೇರೆ ಕೇಳಿದರೆ ಎಲ್ಲರೂ ತಡವರಿಸುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆ ಅಕ್ಷರ ಅಕ್ಷರವಾಗಿ ಬರೆಸುತ್ತೇನೆ. ಆಧಾರ್‌ನ ಹೆಸರು ಅದಕ್ಕೆ ತಾಳೆ ಆಗದಿದ್ದರೆ ಮೊದಲು ಆಧಾರ್ ಸರಿ ಮಾಡಿಸಿಕೊಂಡು ಬನ್ನಿ ಅಂತ ಕಳಿಸುತ್ತೇನೆ. ಬೇಜಾರಾಗುತ್ತಾರೆ, ಆದರೂ ಬಿಡುವುದಿಲ್ಲ.

ಸಲ್ಲಿಸುವ ಮೊದಲು ಪ್ರಿವ್ಯೂ ಪುಟವನ್ನು ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಹಾಳೆ ನೋಡಿ ಟಿಕ್ ಹಾಕುತ್ತಾರೆ. ಸುಮ್ನೆ ಸಮಯ ಹಾಳು ಅನ್ನುವವರಿಗೆ ಕೇಂದ್ರ ಸರ್ಕಾರಿ ಹುದ್ದೆಗಳಿಗೆ ಪರೀಕ್ಷೆ ನಡೆಸುವ ಎಸ್‌ಎಸ್‌ಸಿಯ ದರ ಹೇಳುತ್ತೇನೆ. ಅಲ್ಲಿ ಅರ್ಜಿ ಶುಲ್ಕ 100 ರೂಪಾಯಿ, ತಿದ್ದುಪಡಿಗೆ ಮೊದಲ ಸಲ 200, ಎರಡನೇ ಸಲ 500. ಶುಲ್ಕ ವಿನಾಯಿತಿ ಇರುವ ಹೆಣ್ಣುಮಕ್ಕಳೂ ತಿದ್ದುಪಡಿಗೆ ದುಡ್ಡು ಕಟ್ಟಲೇಬೇಕು. ಆಮೇಲೆ ಎಲ್ಲರೂ ಕುಳಿತು ಕೇಳುತ್ತಾರೆ.